ಭಯದ ಬೆಂಚಿನಿಂದ ಎದ್ದ ನಗು

ಒಂದು ಎತ್ತರದ ಕುರ್ಚಿ, ಕೈಯಲ್ಲಿ ಗ್ಲಾಸು, ಬೆರಳ ಸಂದಿಯಲ್ಲಿ ಸಿಗರೇಟು. ಡೇವ್ ಅಲೆನ್‌ನ ಕಾರ್ಯಕ್ರಮಕ್ಕೆ ಇಷ್ಟಿದ್ದರೆ ಸಾಕಾಗಿತ್ತು. ಉಳಿದ ಹಾಸ್ಯಗಾರರು ವೇದಿಕೆಯ ತುಂಬ ಓಡಾಡುತ್ತಿದ್ದ ಕಾಲದಲ್ಲಿ ಈ ಐರಿಷ್ ಮನುಷ್ಯ ಕೂತು ಮಾತಾಡಿದ. ಎಡಗೈ ತೋರುಬೆರಳಿನ ತುದಿ ಇರಲಿಲ್ಲ. ಅದು ಹೇಗೆ ಹೋಯಿತೆಂದು ಒಂದೊಂದು ಸಲ ಒಂದೊಂದು ಕಥೆ ಕಟ್ಟುತ್ತಿದ್ದ. ಪಾದ್ರಿಗಳು, ಸನ್ಯಾಸಿನಿಯರು, ಬಿಷಪ್ಪರು, ಪೋಪ್, ಪಾಪನಿವೇದನೆಯ ಕತ್ತಲ ಗೂಡು, ಸ್ಮಶಾನಕ್ಕೆ ಮೊದಲು ತಲುಪಲು ಪೈಪೋಟಿಗೆ ಬಿದ್ದು ಓಡುವ ಎರಡು ಶವಯಾತ್ರೆಗಳು, ಹೀಗೆ ಒಂದಾದ ಮೇಲೊಂದು ಬಂದುಹೋಗುತ್ತಿದ್ದವು. ಕೊನೆಗೆ ಗ್ಲಾಸು ಎತ್ತಿ ಶುಭರಾತ್ರಿ ಹೇಳಿ, ನಿಮ್ಮ ದೇವರು ನಿಮ್ಮ ಜೊತೆಗಿರಲಿ ಎಂದು ಹರಸಿ ಮುಗಿಸುತ್ತಿದ್ದ.

ತಾನು ನಾಸ್ತಿಕನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದವನ ಬಾಯಲ್ಲಿ ಈ ಹರಕೆ ಯಾಕೆ ಬಂತು? ನಾನು ಅವನನ್ನು ಕಂಡದ್ದು ಹಳೆಯ ದೃಶ್ಯಮುದ್ರಿಕೆಗಳಲ್ಲಿ, ಅದೂ ತೀರ ತಡವಾಗಿ. ಮೊದಲ ಸಲ ಕೇಳಿದಾಗ ಇದು ಜನರ ಕೋಪ ತಣಿಸಲು ಕೊನೆಗೆ ಚಿಮುಕಿಸಿದ ಪನ್ನೀರು ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಆ 'ನಿಮ್ಮ' ಎಂಬ ಒಂದು ಮಾತಿನಲ್ಲೇ ಅವನ ವಿಚಾರವೆಲ್ಲ ಅಡಗಿದೆ ಎಂದು ನನ್ನ ನಂಬಿಕೆ. ದೇವರನ್ನು ಅವನು ಕೇಳುವವರ ಕೈಗೇ ಬಿಟ್ಟುಕೊಟ್ಟ. ದೇವರು ನಮ್ಮ ಸ್ವತ್ತು ಎಂದು ಕೂತವರನ್ನು ಮಾತ್ರ ಬಿಡಲಿಲ್ಲ.

ಹುಟ್ಟಿದ್ದು 1936ರ ಜುಲೈ 6ರಂದು, ಡಬ್ಲಿನ್‌ನಲ್ಲಿ. ಹೆತ್ತವರಿಟ್ಟ ಹೆಸರು ಡೇವಿಡ್ ಟೈನನ್ ಓಮಹೋನಿ. ತಂದೆ 'ಐರಿಷ್ ಟೈಮ್ಸ್' ಪತ್ರಿಕೆಯ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಒಳ್ಳೆಯ ಕಥೆಗಾರರು. ಹುಡುಗನಿಗೆ ಹನ್ನೆರಡಾಗುವ ಹೊತ್ತಿಗೆ ತೀರಿಕೊಂಡರು. ಓದಿದ್ದು ಸನ್ಯಾಸಿನಿಯರ, ಪಾದ್ರಿಗಳ ಶಾಲೆಗಳಲ್ಲಿ. ಪತ್ರಿಕೆಗಳಲ್ಲಿ ಸಣ್ಣಪುಟ್ಟ ಕೆಲಸ ಮಾಡಿ, ಪತ್ರಕರ್ತನಾಗಲು ಲಂಡನ್ನಿಗೆ ಹೋದ. ಕೆಲಸ ಸಿಗದೆ ಸ್ಕೆಗ್ನೆಸ್ ಕಡಲತೀರದ ಬಟ್ಲಿನ್ಸ್ ರಜಾಶಿಬಿರದಲ್ಲಿ ಕೆಂಪು ಕೋಟು ತೊಟ್ಟು ರಜೆಗೆ ಬಂದವರನ್ನು ರಂಜಿಸುವ ಕೆಲಸಕ್ಕೆ ಸೇರಿದ. ಓಮಹೋನಿ ಎಂಬ ಹೆಸರು ಇಂಗ್ಲಿಷರ ನಾಲಿಗೆಗೆ ಹೊರಳುತ್ತಿರಲಿಲ್ಲವೆಂದು ಅಲೆನ್ ಆದ. 1963ರಲ್ಲಿ ಇನ್ನೂ ಹೊಸಬರಾಗಿದ್ದ ಬೀಟಲ್ಸ್ ತಂಡವಿದ್ದ ಸಂಗೀತ ಪ್ರವಾಸದಲ್ಲಿ ನಿರೂಪಕನಾಗಿದ್ದ, ಅದೇ ವರ್ಷ ಆಸ್ಟ್ರೇಲಿಯಾದ ಟೀವಿಯಲ್ಲಿ ಹೆಸರು ಮಾಡಿದ. 1971ರಿಂದ 79ರವರೆಗೆ ಬಿಬಿಸಿಯಲ್ಲಿ ನಡೆದ 'ಡೇವ್ ಅಲೆನ್ ಅಟ್ ಲಾರ್ಜ್' ಅವನನ್ನು ಮನೆಮಾತಾಗಿಸಿತು.

ಅವನು ಬಿಟ್ಟುಬಂದ ದೇಶ ಎಂಥದೆಂದು ತಿಳಿಯದೆ ಅವನ ನಗು ತಿಳಿಯುವುದಿಲ್ಲ. ಅವನು ಹುಟ್ಟಿದ ಮರುವರ್ಷವೇ ಬಂದ ಅಯರ್ಲೆಂಡಿನ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ 'ವಿಶೇಷ ಸ್ಥಾನ' ಕೊಟ್ಟಿತ್ತು. ಆ ಮಾತನ್ನು ತೆಗೆಯಲು ಜನ ಮತ ಕೊಟ್ಟದ್ದು 1972ರಲ್ಲಿ. ದೈವನಿಂದೆ ಶಿಕ್ಷಾರ್ಹ ಎಂದೂ ಅದರಲ್ಲಿ ಬರೆದಿತ್ತು. 1935ರಿಂದ 1980ರವರೆಗೆ ಗರ್ಭನಿರೋಧಕಗಳ ಮಾರಾಟಕ್ಕೆ ನಿಷೇಧವಿತ್ತು. ಎಡ್ನಾ ಓಬ್ರಿಯನ್ 1960ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ 'ದಿ ಕಂಟ್ರಿ ಗರ್ಲ್ಸ್' ಅವಳ ಸ್ವದೇಶದಲ್ಲೇ ನಿಷಿದ್ಧವಾಯಿತು. ಅವಳ 'ಎ ಪೇಗನ್ ಪ್ಲೇಸ್' ನಾಟಕ 1972ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರಕ್ಕೆ ಬಂದಾಗ ಅದರಲ್ಲಿ ಅಲೆನ್ ಪಾತ್ರ ಮಾಡಿದ. ತಮ್ಮ ಊರಿನ ಮಾತನ್ನು ಕಡಲು ದಾಟಿದ ಮೇಲಷ್ಟೇ ಆಡಬಲ್ಲವರಾಗಿದ್ದ ಇಬ್ಬರು ಹಾಗೆ ಒಂದೇ ರಂಗದ ಮೇಲೆ ಕೂಡಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಯನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನ ಹೆಸರಾಂತ ಕಥೆಗಳಲ್ಲೊಂದು ಶಾಲೆಯ ಮೊದಲ ದಿನದ್ದು. ಪುಟ್ಟ ಮಗು ಒಳಗೆ ಕಾಲಿಡುತ್ತದೆ. ಸುತ್ತ ಕರಿ ಉಡುಪಿನ ಸನ್ಯಾಸಿನಿಯರು. ಗೋಡೆಯ ಮೇಲೆ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ ಒಬ್ಬ ಮನುಷ್ಯ. ನೀನು ಒಳ್ಳೆಯ ಹುಡುಗನಾಗಿರುತ್ತೀಯಲ್ಲವೇ ಎಂಬ ಪ್ರಶ್ನೆ. ದೊಡ್ಡವರಿಗೆ ಆ ಶಿಲುಬೆ ಕರುಣೆಯ ಗುರುತು. ಅದರ ಅರ್ಥವನ್ನು ಯಾರೂ ಇನ್ನೂ ಹೇಳಿಕೊಟ್ಟಿರದ ಮಗು ಕಣ್ಣಿಗೆ ಬಿದ್ದದ್ದನ್ನಷ್ಟೇ ನೋಡುತ್ತದೆ: ಮಾತು ಕೇಳದಿದ್ದರೆ ಇಲ್ಲಿ ಹೀಗೆ ಮಾಡುತ್ತಾರೆ. ಸಭೆಯಲ್ಲಿ ಏಳುವ ನಗು ಈ ಎರಡು ನೋಟಗಳ ನಡುವಿನ ಕಂದರದಿಂದ ಏಳುತ್ತದೆ.

ನಗು ಎಂದರೆ ಇನ್ನೊಬ್ಬನಿಗಿಂತ ನಾನು ಮೇಲು ಎಂದು ಥಟ್ಟನೆ ಅನಿಸುವ ಹೆಮ್ಮೆ ಎಂದು ಹದಿನೇಳನೆಯ ಶತಮಾನದಲ್ಲಿ ತತ್ವಜ್ಞಾನಿ ಥಾಮಸ್ ಹಾಬ್ಸ್ ಹೇಳಿದ. ನಾವು ನಗುವುದರಲ್ಲಿ ಬಹುಪಾಲು ಹಾಗೇ ಇದೆ. ಎಡವಿ ಬಿದ್ದವನನ್ನು ಕಂಡು ನಗುವವರೆಲ್ಲ ಅವನ ಮಾತಿಗೆ ಸಾಕ್ಷಿ. ಅಲೆನ್‌ನ ಆ ಕಥೆಯಲ್ಲಿ ಮಾತ್ರ ಮೇಲೆ ನಿಂತವರು ಯಾರೂ ಇಲ್ಲ. ಕೇಳುವವರೆಲ್ಲ ಆ ಮಗುವಿನ ಪಕ್ಕ, ಅದೇ ಬೆಂಚಿನ ಮೇಲೆ ಕೂತು ತಲೆಯೆತ್ತಿ ನೋಡುತ್ತಾರೆ. ಧರ್ಮದ ವಿಷಯದಲ್ಲಿ ನಗಬಹುದೇ ಎಂದು ಯಾರಾದರೂ ಕೇಳಿದರೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಗುವವನು ಎಲ್ಲಿ ಕೂತಿದ್ದಾನೆ? ಭಯಪಟ್ಟವನ ಬೆಂಚಿನಲ್ಲೋ, ಭಯಪಡಿಸುವವನ ಪೀಠದಲ್ಲೋ? ಒಂದೇ ಶಿಲುಬೆ, ಒಂದೇ ವಾಕ್ಯ. ಪೀಠದಿಂದ ಬಂದರೆ ಅದು ಅವಮಾನವಾಗುತ್ತದೆ, ಬೆಂಚಿನಿಂದ ಬಂದರೆ ಬಿಡುಗಡೆಯಾಗುತ್ತದೆ.

ಇಷ್ಟು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. 1975ರಲ್ಲಿ ಅವನು ಪೋಪನ ವೇಷ ಹಾಕಿ, ಕಾರ್ಡಿನಲ್‌ಗಳನ್ನು ಜೊತೆಗಿಟ್ಟುಕೊಂಡು, ವಿವಸ್ತ್ರನೃತ್ಯದ ಸಂಗೀತಕ್ಕೆ ಉಡುಪು ಕಳಚುವ ಪ್ರಹಸನವೊಂದನ್ನು ತೋರಿಸಿದ. ಬಹಳ ಜನ ಕೆರಳಿದರು. ಇಲ್ಲಿ ನಕ್ಕದ್ದು ಪೂಜಾರಿಯನ್ನು, ದೇವರನ್ನಲ್ಲ ಎಂದು ಅವನ ಪರ ವಾದಿಸುವುದು ನನ್ನಂಥ ಹೊರಗಿನವರಿಗೆ ಸುಲಭ. ಆದರೆ ದೇವರು ಎಲ್ಲಿ ಮುಗಿಯುತ್ತಾನೆ, ಪೂಜಾರಿ ಎಲ್ಲಿ ಶುರುವಾಗುತ್ತಾನೆ ಎಂಬ ಗೆರೆ ಎಳೆಯುವವರು ಯಾರು? ಜಪಮಣಿ ಎಣಿಸುತ್ತ ಕೂತ ಕ್ಯಾಥೊಲಿಕ್ ಮುದುಕಿಗೆ ಪೋಪ್ ಬರಿಯ ಅಧಿಕಾರಿಯಲ್ಲ, ಪೀಟರನ ಪೀಠದಲ್ಲಿ ಕೂತವನು. ಅವಳಿಗಾದ ನೋವು ಸುಳ್ಳಲ್ಲ. ಅದನ್ನು ಅಜ್ಞಾನ ಎಂದು ತಳ್ಳಿಹಾಕಿದರೆ ನಾವೂ ಭಯಪಡಿಸುವವನ ಪೀಠದ ಮೇಲೇ ಹತ್ತಿ ಕೂತಂತೆ. ಒಂದಂತೂ ನಿಜ, ಅಲೆನ್ ತನ್ನ ಕೊನೆಯ ಹರಕೆಯಲ್ಲಿ ಅವಳನ್ನು ಹೊರಗಿಡಲಿಲ್ಲ. 'ನಿಮ್ಮ ದೇವರು' ಎಂದಾಗ ಅವಳ ದೇವರೂ ಅದರಲ್ಲಿದ್ದ. ಅದು ನೋವಿಗೆ ಪರಿಹಾರವಾಯಿತೆಂದು ನಾನು ಹೇಳುವುದಿಲ್ಲ. ನೋವು ಆಗಬಹುದಾದ ಕಡೆ ಆಡುವ ಮಾತಿಗೆ ಇರಬೇಕಾದ ಎಚ್ಚರ ಅದರಲ್ಲಿತ್ತು ಎಂದಷ್ಟೇ ಹೇಳಬಲ್ಲೆ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ನಗು ಒಬ್ಬನ ಸೊತ್ತಲ್ಲ, ಅದು ಯಾವಾಗಲೂ ಒಂದು ಗುಂಪಿನದು, ಅದಕ್ಕೆ ಮಾರ್ದನಿ ಬೇಕು ಎಂದು ತತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ಬರೆದ. ಹಾಗಿದ್ದರೆ ಅಲೆನ್‌ನ ನಗುವಿಗೆ ಮಾರ್ದನಿ ಕೊಟ್ಟ ಗುಂಪು ಯಾವುದು? ಇಂಗ್ಲಿಷರದು. ಐರಿಷರೆಂದರೆ ದಡ್ಡರು ಎಂಬ ನಗೆಹನಿಗಳು ಅಲ್ಲಿ ಎಲ್ಲೆಲ್ಲೂ ಓಡಾಡುತ್ತಿದ್ದ ಕಾಲ ಅದು. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಪಬ್ಬುಗಳಲ್ಲಿ ಐರಿಷ್ ಉಗ್ರರಿಟ್ಟ ಬಾಂಬು ಸಿಡಿದು 21 ಜನ ಸತ್ತ ಮೇಲಂತೂ, ಬಾಯಿಬಿಟ್ಟರೆ ಉಚ್ಚಾರಣೆ ಕೇಳಿ ಜನ ತಿರುಗಿ ನೋಡುತ್ತಾರೆಂಬ ಅಳುಕು ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದ ಐರಿಷರಿಗಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಐರಿಷ್ ಮನುಷ್ಯ ಐರಿಷ್ ಪಾದ್ರಿಗಳನ್ನು ಇಂಗ್ಲಿಷರ ಮುಂದೆ ನಗೆಪಾಟಲು ಮಾಡಿದರೆ, ಡಬ್ಲಿನ್ನಿನ ಬೆಂಚಿನಿಂದ ಹೊರಟ ನಗು ಲಂಡನ್ ತಲುಪುವಷ್ಟರಲ್ಲಿ ಪೀಠದ ನಗುವಾಗಿ ಬದಲಾಗುವುದಿಲ್ಲವೇ? ಮನೆಯ ಜಗಳವನ್ನು ಬೀದಿಗೆ ತಂದವನ ಮೇಲೆ ಮನೆಯವರು ಮುನಿಸಿಕೊಳ್ಳುವುದು ಯಾವ ದೇಶದಲ್ಲೂ ಹೊಸದಲ್ಲ.

ಇದನ್ನು ಅವನು ಬಲ್ಲವನಾಗಿದ್ದ ಎಂಬುದಕ್ಕೆ ಅವನು ಕೂತ ರೀತಿಯೇ ಪುರಾವೆ. ಇಂಗ್ಲಿಷರು ಕಾಯುತ್ತಿದ್ದ ದಡ್ಡ ಐರಿಷನ ಪಾತ್ರವನ್ನು ಆ ಕುರ್ಚಿಯಲ್ಲಿ ಕೂತವನು ಎಂದೂ ಹೊತ್ತುಕೊಳ್ಳಲಿಲ್ಲ. ಒಳ್ಳೆಯ ಸೂಟು ತೊಟ್ಟು, ಅವಸರವಿಲ್ಲದೆ, ಆ ಕೋಣೆಯಲ್ಲಿ ಎಲ್ಲರಿಗಿಂತ ಬುದ್ಧಿವಂತನಾದ ಮನುಷ್ಯ ಐರಿಷ್ ಉಚ್ಚಾರಣೆಯಲ್ಲೇ ಮಾತಾಡುತ್ತಿದ್ದ. ಅವನು ಹೇಳಿದ ಕಥೆಯಷ್ಟೇ ಕೆಲಸವನ್ನು ಆ ದನಿಯೂ ಮಾಡಿತು. ಅವನ ಮಾತು ಚರ್ಚಿಗೇ ನಿಲ್ಲಲಿಲ್ಲ. 1990ರ ಕಾರ್ಯಕ್ರಮವೊಂದರಲ್ಲಿ ಗಡಿಯಾರದ ಬಗ್ಗೆ ಮಾತಾಡಿದ: ಗಡಿಯಾರ ಬಡಿದಾಗ ಏಳುತ್ತೇವೆ, ಗಡಿಯಾರ ನೋಡಿ ಕೆಲಸಕ್ಕೆ ಓಡುತ್ತೇವೆ, ಗಡಿಯಾರ ನೋಡಿಯೇ ತಿಂದು ಮನೆಗೆ ಬರುತ್ತೇವೆ, ನಲವತ್ತು ವರ್ಷ ಹೀಗೆ ದುಡಿದು ನಿವೃತ್ತರಾದಾಗ ಕೈಗಿಡುವುದೇನು? ಮತ್ತೊಂದು ಗಡಿಯಾರ. ಆ ಕೊನೆಯ ಮಾತಿಗೆ ಅವನು ಒಂದು ಬೈಗುಳ ಸೇರಿಸಿದ, ಅದು ಬ್ರಿಟಿಷ್ ಸಂಸತ್ತಿನವರೆಗೆ ಹೋಯಿತು. ಗದ್ದಲವೆಲ್ಲ ಆ ಒಂದು ಪದದ ಸುತ್ತ. ನಲವತ್ತು ವರ್ಷ ಕಳೆದುಕೊಂಡವನ ಬಗ್ಗೆ ಯಾರಿಗೂ ಗದ್ದಲ ಬೇಕಿರಲಿಲ್ಲ. ಚರ್ಚಿನ ಗಂಟೆಯಲ್ಲಿ ಕೇಳಿಸಿದ್ದೇ ಅವನಿಗೆ ಕಾರ್ಖಾನೆಯ ಸೈರನ್ನಿನಲ್ಲೂ ಕೇಳಿಸಿತು. ಬೆಳೆದ ಮನುಷ್ಯನನ್ನು ಮತ್ತೆ ಆ ಬೆಂಚಿನ ಮೇಲೆ ಕೂರಿಸುವ ಯಾವುದೂ ಅವನಿಗೆ ಸೇರುತ್ತಿರಲಿಲ್ಲ.

ಇತ್ತ ಅಯರ್ಲೆಂಡಿನ ಪೂರ್ವ ಕರಾವಳಿಯಲ್ಲಿ ಎತ್ತರದ ಆಂಟೆನಾ ಹಾಕಿದ ಮನೆಗಳಿಗೆ ಬಿಬಿಸಿ ಸಿಗುತ್ತಿತ್ತು. ಆ ಕೋಣೆಗಳಲ್ಲಿ ಎದ್ದ ನಗು ಲಂಡನ್ನಿನ ನಗುವಿಗಿಂತ ಬೇರೆಯೇ ಇರಬೇಕು. ಒಂದೇ ಮಾತು ಎರಡು ಗುಂಪುಗಳಲ್ಲಿ ಎರಡು ಅರ್ಥ ಪಡೆಯಿತು ಎಂದ ಮಾತ್ರಕ್ಕೆ ಆಡಿದವನು ಬಾಯಿ ಮುಚ್ಚಿಕೊಳ್ಳಬೇಕೆಂದು ನಾನು ಒಪ್ಪಲಾರೆ. ಬೀದಿಯವರು ನಗುತ್ತಾರೆಂಬ ಹೆದರಿಕೆಯಿಂದ ಮನೆಯೊಳಗಿನ ಪೆಟ್ಟನ್ನು ಮುಚ್ಚಿಟ್ಟ ಸಮಾಜಗಳಲ್ಲಿ ಏನಾಗುತ್ತದೆಂದು ಅಯರ್ಲೆಂಡ್ ಮುಂದೆ ತಿಳಿದುಕೊಂಡಿತು.

2009ರ ಮೇ ತಿಂಗಳಲ್ಲಿ ರಯಾನ್ ಆಯೋಗದ ವರದಿ ಹೊರಬಂತು. ಚರ್ಚಿನ ಸಂಘಗಳು ನಡೆಸಿದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಳ ಕಾಲ ಹೊಡೆತ, ಹಸಿವು, ಲೈಂಗಿಕ ಹಿಂಸೆ ನಡೆದದ್ದನ್ನು ಐದು ಸಂಪುಟಗಳಲ್ಲಿ ಅದು ದಾಖಲಿಸಿತು. ಡಬ್ಲಿನ್ ಧರ್ಮಪ್ರಾಂತ್ಯ ತಪ್ಪಿತಸ್ಥ ಪಾದ್ರಿಗಳನ್ನು ಹೇಗೆ ಮುಚ್ಚಿಟ್ಟಿತೆಂಬ ಮರ್ಫಿ ವರದಿ ಅದೇ ವರ್ಷದ ನವೆಂಬರಿನಲ್ಲಿ ಬಂತು. ಇದನ್ನು ಓದಿದವರು ಅಲೆನ್‌ನಂಥವರ ಮೇಲೆ ಒಂದು ಆರೋಪ ಹೊರಿಸಬಹುದು. ಒಳಗೆ ಮಕ್ಕಳು ನರಳುತ್ತಿರುವಾಗ ನೀವು ಹೊರಗೆ ಪಾದ್ರಿಯನ್ನು ತಮಾಷೆಯ ಬೊಂಬೆ ಮಾಡಿದಿರಿ. ಜನ ನಕ್ಕು ಹಗುರಾದರು, ಹಗುರಾದವರು ದಂಗೆ ಏಳುವುದಿಲ್ಲ. ನಿಮ್ಮ ನಗು ಕುಕ್ಕರಿನ ಸೀಟಿ, ಒಳಗಿನದು ಬೇಯುತ್ತಲೇ ಇತ್ತು. ಈ ಆರೋಪದಲ್ಲಿ ತಿರುಳಿದೆ. ನಗು ಸಾಕ್ಷಿ ನುಡಿಯಲಾರದು. ಹೆಸರು, ದಿನಾಂಕ, ಗಾಯದ ಗುರುತು ಕೊಡುವುದು ಅದರ ಕೆಲಸವಲ್ಲ. ಆ ಕೆಲಸವನ್ನು ಮಾಡಿದವರು ಬದುಕಿ ಉಳಿದು ಆಯೋಗದ ಮುಂದೆ ಬಂದು ಮಾತಾಡಿದವರು, ಆ ಮರ್ಯಾದೆ ಅವರದು.

ಆದರೂ ಒಂದು ಮಾತು ಕೇಳುತ್ತೇನೆ. ಪಾದ್ರಿ ತಪ್ಪು ಮಾಡಬಲ್ಲ ಎಂದು ಊಹಿಸಲೂ ಆಗದ ಮನೆಯಲ್ಲಿ, ಪೆಟ್ಟು ತಿಂದು ಬಂದ ಮಗುವಿನ ಮಾತನ್ನು ಯಾರು ನಂಬಿಯಾರು? ನಂಬುವ ಮುಂಚೆ ಊಹಿಸಲು ಬರಬೇಕು. ಪ್ರಭಾವಳಿ ಕಳಚಿದ ಪಾದ್ರಿಯನ್ನು, ಬೆವರುವ, ತಡಬಡಿಸುವ, ಸಿಡುಕುವ ಮನುಷ್ಯನನ್ನು ಅಲೆನ್ ಆ ಮನೆಗಳ ಪರದೆಯ ಮೇಲೆ ತಂದು ನಿಲ್ಲಿಸಿದ. ನಗು ಬೀಗ ಒಡೆಯಲಿಲ್ಲ. ಬಾಗಿಲಿಗೆ ಬೀಗವಿದೆ ಎಂಬುದನ್ನು ತೋರಿಸಿತು.

ದೈವನಿಂದೆಯ ಮಾತನ್ನು 2018ರ ಅಕ್ಟೋಬರಿನಲ್ಲಿ ನೂರಕ್ಕೆ ಸುಮಾರು 65 ಮತಗಳಿಂದ ಅಯರ್ಲೆಂಡಿನ ಜನ ಸಂವಿಧಾನದಿಂದ ಕಿತ್ತುಹಾಕಿದರು. ಅದನ್ನು ನೋಡಲು ಅಲೆನ್ ಇರಲಿಲ್ಲ, ಆಯೋಗದ ವರದಿಗೂ ಇರಲಿಲ್ಲ. 2005ರ ಮಾರ್ಚ್ 10ರಂದು ಲಂಡನ್ನಿನಲ್ಲಿ ತೀರಿಕೊಂಡಿದ್ದ.

ಮೊನ್ನೆ ಶಾಲೆಯ ಮೊದಲ ದಿನದ ಕಥೆಯನ್ನು ಮತ್ತೆ ಹಾಕಿಕೊಂಡು ನೋಡಿದೆ. ಮೊದಲು ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈ ಸಲ ಆ ಮಗು ಗೋಡೆಯತ್ತ ತಲೆಯೆತ್ತಿ ನೋಡುವ ಕಡೆ ಬಂದಾಗ ನಗು ಬರಲಿಲ್ಲ. ಮುದ್ರಿಕೆಯೊಳಗಿನ ಸಭಿಕರು ಮಾತ್ರ ಅಷ್ಟು ವರ್ಷಗಳ ಹಿಂದಿನ ಕತ್ತಲಲ್ಲಿ ಕೂತು, ಮುಂದೇನು ಹೊರಬರಲಿದೆಯೆಂದು ತಿಳಿಯದೆ, ನಗುತ್ತಲೇ ಇದ್ದರು. ಅಲೆನ್ ಗ್ಲಾಸು ಬಾಯಿಗಿಟ್ಟು, ಆ ನಗು ಇಳಿಯಲಿ ಎಂದು ಕಾಯುತ್ತಿದ್ದ.