ಹೊರೆ ಹೊತ್ತವರಿಗೆ ಮೊದಲ ದಾರಿ

ಕಟ್ಟಿದ ಉದ್ದೇಶ ತೀರಿದ ಮೇಲೆ ದಾರಿಯೊಂದು ಯಾರಿಗೆ ಸೇರಬೇಕು? ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದು ಊರೂರು ಅಳೆದ ನನಗೆ ಇದು ಧರ್ಮದ ಪ್ರಶ್ನೆಯಾಗಿಯೇ ಕಾಡುತ್ತದೆ.

ಬೆಂಗಳೂರಿನ ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳದ ಕೆರೆ ಏರಿಗಳನ್ನು ಕಟ್ಟಿದ್ದು ನೀರಿಗಾಗಿ. ತೂಬಿನ ಕೆಳಗಿನ ಗದ್ದೆಗಳು ಬಡಾವಣೆಗಳಾದವು; ಆ ಉದ್ದೇಶ ತೀರಿತು, ಏರಿ ದಾರಿಯಾಗಿ ಉಳಿಯಿತು. ಈಗ ಕೆರೆಗಳ ಸುತ್ತ ವಾಕಿಂಗ್ ಪಾತ್, ಬೇಲಿ, ಗೇಟು. ಕೆರೆ ಉಳಿಯಿತಲ್ಲ ಎಂಬ ಸಂತೋಷದಿಂದ ನಾನೂ ದಿನಾ ನಡೆಯುತ್ತೇನೆ. ಆದರೆ ಜೆ.ಪಿ. ನಗರದ ನಮ್ಮ ಕೆರೆಯಲ್ಲಿ ಬೆಳಗಿನ ವಾಕಿಂಗ್ ಮುಗಿಯುತ್ತಲೇ ಬೀಗ ಬೀಳುತ್ತದೆ. ಬುಟ್ಟಿ ಹೊತ್ತು ಆಚೆ ದಡದ ಮನೆಗಳಿಗೆ ಸೊಪ್ಪು ಮಾರಲು ಹೋಗುವ ಅಜ್ಜಿ ಬಿಸಿಲಲ್ಲಿ ಮುಖ್ಯರಸ್ತೆ ಸುತ್ತಬೇಕು.

ಇಂಥ ದಾರಿಯ ಬಗ್ಗೆ ಕಾನೂನು ಏನೆನ್ನುತ್ತದೆ? ರೈಲು ಹಳಿ ಜಮೀನನ್ನು ಸೀಳಿದರೆ ಅಕ್ಕಪಕ್ಕದವರು ದಾಟಲು ಅನುಕೂಲ ಮಾಡಿಕೊಡುವ ಹೊಣೆಯನ್ನು 1989ರ ರೈಲ್ವೆ ಕಾಯಿದೆಯ 16ನೇ ಕಲಂ ರೈಲ್ವೆಗೇ ಹೊರಿಸಿದೆ. ಅಮೆರಿಕದಲ್ಲಿ ಕೈಬಿಟ್ಟ ಹಳಿಗಳ ಜಾಗ ವಿಹಾರದ ಹಾದಿಯಾಗುವಾಗ ಹೊಲದವರು ಕೋರ್ಟಿಗೆ ಹೋದರು. 2014ರಲ್ಲಿ, ಹಳಿ ಹಾದಿದ್ದ ಜಮೀನಿನ ಒಡೆಯರಾದ ವಯೋಮಿಂಗ್‌ನ ಬ್ರಾಂಟ್ ಕುಟುಂಬದ ಪರ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎರಡೂ ಕಡೆ ಕಾನೂನು ಕಾದದ್ದು ಜಮೀನಿದ್ದವರನ್ನು; ನಮ್ಮ 1882ರ ಈಸ್‌ಮೆಂಟ್ ಕಾಯಿದೆಯಲ್ಲೂ ದಾರಿಹಕ್ಕು ಜಮೀನಿಗೆ ಅಂಟಿಕೊಂಡೇ ಬರುತ್ತದೆ. ಅಜ್ಜಿಗೆ ಜಮೀನೆಲ್ಲಿದೆ? ಇರುವುದು ತಲೆಯ ಮೇಲಿನ ಬುಟ್ಟಿ ಮಾತ್ರ.

ಕಾನೂನಿನ ಕೈ ಎಟುಕದ ಕಡೆ ಧರ್ಮ ಮಾತಾಡಬೇಕು. ಎದುರಿಗೆ ಹೊರೆ ಹೊತ್ತವರು ಬಂದರೆ, ರೋಗಿ ಬಂದರೆ, ಹೆಂಗಸು ಬಂದರೆ ದಾರಿ ಬಿಡಬೇಕೆಂದು ಆಪಸ್ತಂಬ ಧರ್ಮಸೂತ್ರವೂ ಮನುಸ್ಮೃತಿಯೂ ಹೇಳುತ್ತವೆ. ಅವೇ ಗ್ರಂಥಗಳು ಹುಟ್ಟಿನಿಂದ ಮೇಲು ಕೀಳನ್ನೂ ವಿಧಿಸಿದವು. ಕೀಳೆನಿಸಿಕೊಂಡವರು ದೇವಸ್ಥಾನದ ಸುತ್ತಲ ಬೀದಿಯಲ್ಲಿ ಕಾಲಿಡುವುದಕ್ಕೇ ಕೇರಳದ ವೈಕಂನಲ್ಲಿ 1924ರಲ್ಲಿ ಸತ್ಯಾಗ್ರಹ ಹೂಡಬೇಕಾಯಿತು. ಹುಟ್ಟಿನ ಲೆಕ್ಕವನ್ನು ಬಿಸಾಡೋಣ, ಹೊರೆಯ ಲೆಕ್ಕವನ್ನು ಉಳಿಸಿಕೊಳ್ಳೋಣ. ದಾರಿಯ ಮೇಲೆ ಯಾರ ಹಕ್ಕು ಹೆಚ್ಚು ಎಂದು ತೂಗಲು ಅದಕ್ಕಿಂತ ನ್ಯಾಯವಾದ ತಕ್ಕಡಿ ನನಗೆ ಕಂಡಿಲ್ಲ.

ಗೇಟು ತೆರೆದಿಟ್ಟರೆ ಕಸ ಸುರಿಯುತ್ತಾರೆ, ಕುಡುಕರು ಸೇರುತ್ತಾರೆ ಎಂಬ ಆತಂಕ ಸುಳ್ಳಲ್ಲ. ಅದಕ್ಕೆ ಕಾವಲು ಬೇಕು; ದಾಟುವವರನ್ನು ತಡೆಯುವ ಬೀಗವಲ್ಲ. ನನ್ನ ನಡಿಗೆ ಒಂದು ದಿನ ತಪ್ಪಿದರೆ ನಷ್ಟವಿಲ್ಲ. ಅಜ್ಜಿಗೆ ತಡವಾದರೆ ಸೊಪ್ಪು ಬಾಡುತ್ತದೆ, ಗಿರಾಕಿ ತಪ್ಪುತ್ತದೆ. ಎರಡೂ ದಡದ ಚಿಕ್ಕ ಗೇಟುಗಳು ಹಗಲಿಡೀ ತೆರೆದಿರಲಿ. ಕಾವಲುಗಾರನ ಸಂಬಳಕ್ಕೆ ಹಣ ಸಾಲದಿದ್ದರೆ, ಆರೋಗ್ಯಕ್ಕೆಂದು ನಡೆಯುವ ನಾವು ತಿಂಗಳಿಗಿಷ್ಟು ಕೊಡೋಣ. ಆ ಹೊರೆ ಹೊರಬೇಕಾದವರು ನಾವೇ.