ಬಿತ್ತನೆ ಬೀಜ

ಟೀಮಿಗೆ ಎಷ್ಟು ಜನ ಫ್ರೆಶರ್‌ಗಳು ಬೇಕು ಅಂತ ಕಳೆದ ತಿಂಗಳು ಮ್ಯಾನೇಜರ್ ಕೇಳಿದರು. ಪ್ರತಿವರ್ಷ ನಾಲ್ಕು ಜನ ಅಂತಿದ್ದವನು ಈ ಸಲ ‘ಒಬ್ಬರು ಸಾಕು’ ಅಂದೆ. ಟೆಸ್ಟ್ ಕೇಸ್ ಬರೆಯೋದು, ಸಣ್ಣಪುಟ್ಟ ಬಗ್ ಸರಿಮಾಡೋದು ಇತ್ಯಾದಿ ಹೊಸಬರ ಕೆಲಸವನ್ನೆಲ್ಲ ಈಗ ಎಐ ಮಾಡಿಕೊಡುತ್ತೆ. ಲೆಕ್ಕ ಸರಿಯಾಗೇ ಇತ್ತು.

ಅದೇ ವಾರ ಹಾಸನದಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಇಂಜಿನಿಯರಿಂಗ್ ಕೊನೇ ವರ್ಷ. “ಅಣ್ಣ, ನಿಮ್ಮಲ್ಲಿ ಈ ವರ್ಷ ತಗೋತಾರಾ?” ಏನಂತ ಹೇಳಲಿ? ಬೇಡ ಅಂದವನೇ ನಾನು.

ಹಾಗಂತ ‘ಈ ವಿದ್ಯೆ ಬಿಡು, ಬೇರೆ ನೋಡ್ಕೋ’ ಅನ್ನೋಕೂ ಬಾಯಿ ಬರಲಿಲ್ಲ. 2016ರಲ್ಲಿ ಎಐ ದಿಗ್ಗಜ ಜೆಫ್ರಿ ಹಿಂಟನ್ ಹಾಗೇ ಹೇಳಿದ್ದರು: ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡೋದು ನಿಲ್ಲಿಸಿ, ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಯಂತ್ರವೇ ಅವರನ್ನು ಮೀರಿಸುತ್ತೆ ಅಂತ. 2024ರಲ್ಲಿ ಅವರಿಗೆ ನೊಬೆಲ್ ಬಂತು. ರೇಡಿಯಾಲಜಿಸ್ಟ್‌ಗಳಿಗೆ ಬೇಡಿಕೆ ಮಾತ್ರ ಕಮ್ಮಿಯಾಗಲಿಲ್ಲ. ಅವತ್ತು ಎಲ್ಲರೂ ಅವರ ಮಾತು ಕೇಳಿ ಸೀಟು ನಿಲ್ಲಿಸಿದ್ದಿದ್ದರೆ? ಎಂಬಿಬಿಎಸ್ ಆದಮೇಲೆ ಮತ್ತೆ ಮೂರು ವರ್ಷದ ಎಂಡಿ. ಬೇಕು ಅಂದ ತಕ್ಷಣ ಅಂಗಡಿಯಿಂದ ತರೋ ಸಾಮಾನಲ್ಲ ಅದು.

ನಾನು ಕೆಲಸಕ್ಕೆ ಸೇರಿದಾಗ ಮೊದಲ ಆರು ತಿಂಗಳು ಕಂಪನಿಗೆ ನನ್ನಿಂದ ನಯಾಪೈಸೆ ಲಾಭ ಇರಲಿಲ್ಲ. ಒಂದು ಸಣ್ಣ ಬಗ್ ಹುಡುಕೋಕೆ ಎರಡೆರಡು ದಿನ. ಪಕ್ಕದ ಸೀನಿಯರ್ ತಮ್ಮ ಕೆಲಸ ಬದಿಗಿಟ್ಟು ನನ್ನ ತಪ್ಪು ತೋರಿಸೋರು. ಇವತ್ತು ಎಐ ತಪ್ಪು ಕೋಡ್ ಕೊಟ್ಟಾಗ ನನಗೆ ಗೊತ್ತಾಗುತ್ತಲ್ಲ, ಅದು ಆ ದಿನಗಳ ಫಲ. ಲೆಕ್ಕದಲ್ಲಿ ಅದು ಖರ್ಚು ಅಂತಲೇ ದಾಖಲಾಗಿತ್ತು.

ಈಗ ಆ ಖರ್ಚು ಯಾವ ಕಂಪನಿಗೂ ಬೇಡ. ಎಲ್ಲರಿಗೂ ಐದು ವರ್ಷ ಅನುಭವ ಇರೋರೇ ಬೇಕು. ಆ ಐದು ವರ್ಷವನ್ನು ಇನ್ಯಾರೋ ಕೊಟ್ಟಿರಲಿ ಅನ್ನೋ ಆಸೆ. ಯಂತ್ರ ಕೆಲಸ ಕಸಿದುಕೊಳ್ಳುತ್ತೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಆದರೆ ನಮ್ಮ ಟೀಮಿನ ಆ ಮೂರು ಸೀಟು ಕಸಿದಿದ್ದು ಯಂತ್ರ ಅಲ್ಲ, ನಾನು. ಬರಗಾಲದಲ್ಲೂ ಬಿತ್ತನೆ ಬೀಜಕ್ಕೆ ಕೈಹಾಕಬಾರದು ಅಂತಾರೆ ಹಳ್ಳೀಲಿ. ನಾವು ಒಳ್ಳೇ ಮಳೆ ಬಂದ ವರ್ಷವೇ ಅದನ್ನು ಬೇಯಿಸಿ ತಿನ್ನುತ್ತಿದ್ದೇವೆ.

ಮರುದಿನ ಮ್ಯಾನೇಜರ್‌ಗೆ ಮೇಲ್ ಹಾಕಿದೆ: ಒಬ್ಬರಲ್ಲ, ಇಬ್ಬರು ಬೇಕು. ಯಾಕೆ ಅಂತ ಕೇಳಿದರು. “ಕಲಿಸೋಕೆ” ಅಂದೆ. ಅವರು ಒಪ್ಪಿಕೊಂಡರು. ಮೊದಲಿನ ಹಾಗೆ ನಾಲ್ಕು ಅಂತ ಬರೆಯೋ ಧೈರ್ಯ ಮಾತ್ರ ನನಗೇ ಬರಲಿಲ್ಲ.