ಮದನನನ್ನು ಕೊಂದವರು ಯಾರು?

ಕಡೂರು ತಾಲ್ಲೂಕಿನ ದೇವನೂರು 'ಜೈಮಿನಿ ಭಾರತ' ಬರೆದ ಲಕ್ಷ್ಮೀಶನ ಊರು ಅಂತಲೇ ಹೆಸರುವಾಸಿ. ಅವನ ಅಂಕಿತದಲ್ಲಿ ಬರುವ ದೇವಪುರ ಇದೇ ಅನ್ನೋದು ಈ ಕಡೆಯ ವಾದ. ಅಲ್ಲ, ಅದು ಸುರಪುರ ಅನ್ನುವವರೂ ಇದ್ದಾರೆ. ಕವಿಯ ಗುರುತೇ ಎರಡು ಊರುಗಳ ನಡುವೆ ಓಡಾಡುತ್ತಿರುವಾಗ ಅವನ ಕಾವ್ಯದ ಸಣ್ಣಪುಟ್ಟ ಪಾತ್ರಗಳ ಗತಿಯೇನು?

ಗುರುತು ತಪ್ಪೋದೆಲ್ಲ ಅಪರಾಧವಲ್ಲ, ನಿಜ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೂ ಅಜ್ಜಂಪುರದ ಅಮೃತಮಹಲ್ ದನಗಳಿಗೂ ನಂಟಿದೆ ಅಂತ ಯಾರಾದರೂ ಅಂದುಕೊಂಡರೆ ನಷ್ಟವೇನಿಲ್ಲ. ಅಮೃತಾಪುರದ ದೇವಸ್ಥಾನವನ್ನು 1196ರಲ್ಲಿ ಕಟ್ಟಿಸಿದ್ದು ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಅಂತ ಹೆಸರಿಟ್ಟಿದ್ದು ಟಿಪ್ಪು. ಆ ದೇವಸ್ಥಾನದ ಮಂಟಪದ ಗೋಡೆಯಲ್ಲಿ ರಾಮಾಯಣದ್ದೇ 70 ಫಲಕಗಳಿವೆ. ರಾಮ, ಹನುಮಂತ ಥಟ್ಟನೆ ಗೊತ್ತಾಗುತ್ತಾರೆ. ಹಿಂದೆ ನಿಂತವನನ್ನು ನಾವು 'ಯಾರೋ ಸೈನಿಕ' ಅಂದು ಮುಂದೆ ಹೋಗುತ್ತೇವೆ. ಕಲ್ಲಿಗೆ ನೋವಾಗಲ್ಲ.

ಆದರೆ ಲಕ್ಷ್ಮೀಶನ ಕಾವ್ಯದಲ್ಲಿ ಗುರುತು ತಪ್ಪಿದಾಗ ಹೆಣ ಬೀಳುತ್ತವೆ. ಅಲ್ಲಿ ಮೂರು ಬಗೆ ನನಗೆ ಕಾಣುತ್ತದೆ. ಮೊದಲನೆಯದು ರಾಮನದು. ಎದುರಿಗಿರುವ ಕುಶಲವರು ತನ್ನ ಮಕ್ಕಳು ಅಂತ ಅವನಿಗೆ ಗೊತ್ತಿಲ್ಲ. ಅದು ಅಜ್ಞಾನ. ಎರಡನೆಯದು ಅರ್ಜುನನದು. ಬಭ್ರುವಾಹನ ಕಾಣಿಕೆ ಹಿಡಿದುಕೊಂಡು ಬಂದು, ನಾನು ನಿಮ್ಮ ಮಗ ಅಂತ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದ್ದು, ನೀನು ನನ್ನ ಮಗನೇ ಅಲ್ಲ ಅನ್ನುತ್ತಾನೆ. ಹೇಳಿದ ಮೇಲೂ ಒಪ್ಪದಿರುವುದು ಅಹಂಕಾರ. ಅದಕ್ಕೆ ಅವನು ತಲೆಯನ್ನೇ ತೆರಬೇಕಾಯಿತು.

ಮೂರನೆಯದೇ ನನ್ನನ್ನು ಕಾಡುವುದು. ಚಂದ್ರಹಾಸನ ಕಥೆಯಲ್ಲಿ 'ವಿಷ' ಅಂತಿದ್ದದ್ದು 'ವಿಷಯೆ' ಆಗಿದ್ದು ಎಲ್ಲರಿಗೂ ನೆನಪಿದೆ. ಓಲೆ ನಂಬಿ ತಂಗಿಯ ಮದುವೆ ಮಾಡಿದ ಮದನನನ್ನು ಮರೆತಿದ್ದೇವೆ. ಸಂಚು ಕೆಟ್ಟ ಮೇಲೆ ಅಪ್ಪ ದುಷ್ಟಬುದ್ಧಿ ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ಇಟ್ಟು, ಸಂಜೆ ಪೂಜೆಗೆ ಬಂದವನನ್ನು ಮುಗಿಸಿ ಅಂದ. ಅಳಿಯನನ್ನು ಪೂಜೆಗೆ ಹೊರಡಿಸಿದ. ಅಷ್ಟರಲ್ಲಿ ಚಂದ್ರಹಾಸನಿಗೆ ರಾಜನ ಕರೆ ಬಂತು. 'ನೀನು ಅರಮನೆಗೆ ಹೋಗು, ಪೂಜೆಗೆ ನಾನು ಹೋಗ್ತೀನಿ' ಅಂತ ಸಾಮಗ್ರಿ ತೆಗೆದುಕೊಂಡು ಹೋದವನು ಮದನ.

ಕೊಲೆಗಾರರು ಗುರುತು ತಪ್ಪಿದರಾ? ಇಲ್ಲ. ಅವರಿಗೆ ಹೇಳಿದ್ದನ್ನೇ ಸರಿಯಾಗಿ ಮಾಡಿದರು. ಗುರುತು ಬೇಕಾಗದ ಹಾಗೆ ಆ ಆಜ್ಞೆಯನ್ನು ಹೊಸೆಯಲಾಗಿತ್ತು. ಇದೇ ದುಷ್ಟಬುದ್ಧಿ ಹಿಂದೊಮ್ಮೆ ಹುಡುಗ ಚಂದ್ರಹಾಸನನ್ನು ಕೊಲ್ಲಲು ಕಳಿಸಿದ್ದ. ಆಗ ಕೊಲೆಗಾರರು ಮಗುವಿನ ಮುಖ ನೋಡಿದರು, ಕೈಯಾಡಲಿಲ್ಲ. ಆರನೇ ಬೆರಳು ಕತ್ತರಿಸಿ ಗುರುತಿಗೆ ತೋರಿಸಿದರು. ಮುಖ ನೋಡಿದವರು ಬಿಟ್ಟರು, ನೋಡದವರು ಕೊಂದರು.

ನಮ್ಮ ಆಫೀಸುಗಳಲ್ಲಿ ಮನುಷ್ಯರಿಗೆ 'ರಿಸೋರ್ಸ್' ಅಂತಾರೆ. 'ಈ ಟೀಮಿಂದ ನಾಲ್ಕು ಕಡಿಮೆ ಮಾಡಿ' ಅಂತ ಮೇಲ್ ಬರುತ್ತೆ. ಎಕ್ಸೆಲ್ ಶೀಟಿನಲ್ಲಿ ಯಾರದೋ ಸಾಲು ಹೋಗುತ್ತೆ. ಕಳಿಸಿದವರು ಮುಖ ನೋಡಿಲ್ಲ, ಅಳಿಸಿದವರು ನಿರ್ಧಾರ ಮಾಡಿಲ್ಲ. ಎಲ್ಲರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ.

ದೊಡ್ಡ ಸಂಸ್ಥೆ ಒಬ್ಬೊಬ್ಬರ ಮುಖ ನೋಡಿಕೊಂಡು ನಡೆಯೋಕಾಗುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಖ ನೋಡದಿರುವುದೇ ಎಷ್ಟೋ ಕಡೆ ಧರ್ಮ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹೆಸರಿನ ಬದಲು ನಂಬರ್ ಇರೋದು ಅದಕ್ಕೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಆ ಕುರುಡುತನ ಯಾರನ್ನು ಕಾಪಾಡುತ್ತಿದೆ ಅನ್ನುವುದರಲ್ಲಿ. ಪರೀಕ್ಷೆಯ ನಂಬರ್ ಬರೆದ ಹುಡುಗಿಯನ್ನು ಕಾಪಾಡುತ್ತೆ. ಗುಡಿಯ ಆಜ್ಞೆ ಕತ್ತಿ ಹಿಡಿದವನನ್ನೂ ಕಳಿಸಿದವನನ್ನೂ ಕಾಪಾಡಲು ಇತ್ತು, ಒಳಗೆ ಬಂದವನನ್ನಲ್ಲ. ಹೆಸರು ಕೇಳದ ಯಾವುದೇ ನಿಯಮದ ಮುಂದೆ ಈ ಒಂದು ಪ್ರಶ್ನೆ ಇಟ್ಟು ನೋಡಬಹುದು.

ಕಾವ್ಯದಲ್ಲಿ ದುಷ್ಟಬುದ್ಧಿ ಮಗನ ಹೆಣ ಕಂಡು ತಲೆ ಚಚ್ಚಿಕೊಂಡು ಸಾಯುತ್ತಾನೆ. ಚಂದ್ರಹಾಸ ದೇವಿಗೆ ತನ್ನನ್ನೇ ಒಪ್ಪಿಸಿಕೊಳ್ಳಲು ಹೊರಟಾಗ ಇಬ್ಬರೂ ಬದುಕಿ ಏಳುತ್ತಾರೆ. ತೆಗೆದುಹಾಕಿದ ಸಾಲಿನ ಹಿಂದಿದ್ದವರಿಗೆ ಆ ಭಾಗ್ಯ ಇಲ್ಲ. ಅವರಿಗಾಗಿ ನಾವು ಮಾಡಬಹುದಾದದ್ದು ಇಷ್ಟೇ: ಕೈ ಎತ್ತುವ ಮೊದಲು, ಬಂದವನು ಯಾರು ಅಂತ ಕೇಳುವುದು.